ಹೊಗಳಿದರೆ ಹೋಯಿತು

ಬೇಯ್ಶೆನ್‌ನ ಕಷ್ಟವೆಲ್ಲ ಶುರುವಾದದ್ದು ಒಂದು ಒಳ್ಳೆಯ ಮಾತಿನಿಂದ.

ಬೆಳಿಗ್ಗೆ ಎಂಟು ಗಂಟೆ. ಇಸ್ಸಿಕ್‌ಕುಲ್ ಸರೋವರದ ದಡದ ಹಳೇ ಆರೋಗ್ಯಧಾಮದ ಹಿಂದೆ ಪಾಪ್ಲರ್ ಮರಗಳ ಸಾಲಿದೆ. ಅದರಾಚೆ ಹಾಕಿದ್ದ ಕಂಬಳಿ ಗುಡಾರದಲ್ಲಿ ಬೇಯ್ಶೆನ್ ಕುಕ್ಕರುಗಾಲಲ್ಲಿ ಕೂತಿದ್ದ. ಕೂದಲೆಳೆಯಂಥ ಪ್ಲಾಟಿನಮ್ ತಂತಿಯನ್ನು ಎಳೆದು ಹಿಡಿದು ಕತ್ತರಿಯಿಂದ ಓರೆಯಾಗಿ ಕತ್ತರಿಸುವುದು, ತುದಿಯನ್ನು ಬೆಳಕಿಗೆ ಹಿಡಿದು ನೋಡುವುದು, ಬೈದು ಎಸೆಯುವುದು, ಮತ್ತೆ ಕತ್ತರಿಸುವುದು. ಅವನ ಎದುರಿಗೆ, ಗುಡಾರದ ನೆತ್ತಿಯಿಂದ ಇಳಿಬಿಟ್ಟ ಕುದುರೆಕೂದಲಿನ ಹಗ್ಗದಲ್ಲಿ ಒಂದು ಹಾಲಿನ ಕ್ಯಾನು ನೇತಾಡುತ್ತಿತ್ತು. ಆ ಕ್ಯಾನಿನೊಳಗೆ, ಕಂಬಳಿಯಲ್ಲಿ ಸುತ್ತಿಕೊಂಡು, ಅವನ ಹದಿನಾಲ್ಕು ವರ್ಷದ ಬಾಳು ಕೂತಿತ್ತು. ಅದೇ ಅವನು ಕೈಯಾರೆ ಕಟ್ಟಿದ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪು.

ಈ ಯಂತ್ರದ ಜೀವವೆಲ್ಲ ಇರುವುದು ಆ ತಂತಿ ಕತ್ತರಿಸಿ ಮಾಡುವ ಸೂಜಿಯ ತುದಿಯಲ್ಲಿ. ಆ ತುದಿ ನೋಡಬೇಕಾದ ವಸ್ತುವಿನ ಮೈಯನ್ನು ಮುಟ್ಟಬಾರದು, ಮುಟ್ಟಿಯೇಬಿಟ್ಟಿತೇನೋ ಅನ್ನುವಷ್ಟು ಹತ್ತಿರದಲ್ಲಿ ಸುಳಿದಾಡಬೇಕು. ತುದಿ ಚೂಪಾಗಿದ್ದರೆ ಪರದೆಯ ಮೇಲೆ ಪರಮಾಣುಗಳು ಉಬ್ಬುಬ್ಬಾಗಿ ಸಾಲುಗಟ್ಟಿ ಕಾಣುತ್ತವೆ. ಪಕ್ಕದಲ್ಲಿ ಯಾರಾದರೂ ಜೋರಾಗಿ ಹೆಜ್ಜೆಯಿಟ್ಟರೆ ಎಲ್ಲ ಕಲಸಿ ಅಂಬಲಿಯಾಗುತ್ತದೆ. ಅದಕ್ಕೇ ಈ ಗುಡಾರ, ಈ ಹಗ್ಗ, ಈ ಕಂಬಳಿ. ಇಪ್ಪತ್ತು ದೇಶದ ವಿಜ್ಞಾನಿಗಳು ಇಂಥ ಯಂತ್ರಗಳ ಬಗ್ಗೆ ಮಾತಾಡಲೆಂದೇ ಆ ವಾರ ಸರೋವರಕ್ಕೆ ಬಂದಿದ್ದರು. ಅವತ್ತು ನಾಲ್ಕು ಗಂಟೆಗೆ ಬೇಯ್ಶೆನ್ ಪರಮಾಣುಗಳನ್ನು ನೇರವಾಗಿ ತೋರಿಸಬೇಕಿತ್ತು.

"ಆಹಾ! ಎಂಥ ಸೊಗಸಾದ ಕತ್ತರಿ!"

ಬಾಗಿಲ ಕಂಬಳಿ ಸರಿಸಿ ಒಳಗೆ ಬಂದವರು ಸಮ್ಮೇಳನದ ಅಧ್ಯಕ್ಷರು, ಲಿಸ್ಬನ್ನಿನ ಪ್ರೊಫೆಸರ್ ಟೆಲೆಸ್. ಈ ವಿದ್ಯೆಯಲ್ಲಿ ದೊಡ್ಡ ಹೆಸರು. ಹರೆಯದಲ್ಲಿ ಲೆನಿನ್‌ಗ್ರಾಡಿನಲ್ಲಿ ಓದಿದ್ದರಿಂದ ರಷ್ಯನ್ ಭಾಷೆ ನೀರು ಕುಡಿದಷ್ಟು ಸಲೀಸು. ಒಳ್ಳೆಯ ಮನುಷ್ಯ, ಒಂದೇ ದೋಷವೆಂದರೆ ಕಂಡದ್ದನ್ನೆಲ್ಲ ಹೊಗಳುವ ಚಾಳಿ.

ಬೇಯ್ಶೆನ್ ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸುವಷ್ಟರಲ್ಲಿ ಪ್ರೊಫೆಸರರ ಹಿಂದೆಯೇ ನುಗ್ಗಿದ ಸಂಸ್ಥೆಯ ನಿರ್ದೇಶಕ ಅಸಾನ್‌ಕುಲ್ ಅದನ್ನು ಕಿತ್ತು, ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ, "ಹಾಗಿದ್ರೆ ಇದು ನಿಮ್ದೇ!" ಎಂದುಬಿಟ್ಟ.

ನಮ್ಮ ಕಡೆ ಅತಿಥಿ ಹೊಗಳಿದ್ದು ಅತಿಥಿಗೆ. ಇದು ಕಾನೂನಲ್ಲ. ಕಾನೂನಾಗಿದ್ದರೆ ಯಾರಾದರೂ ಮುರಿಯುತ್ತಿದ್ದರು. ಇದು ಸೀನಿನ ಹಾಗೆ, ತಾನಾಗಿ ಬಂದುಬಿಡುತ್ತದೆ. ಅಸಾನ್‌ಕುಲ್‌ನಿಗಂತೂ ಬೇರೆಯವರ ವಸ್ತು ಕೊಡುವಾಗ ಅದು ಸ್ವಲ್ಪ ಹೆಚ್ಚೇ ಬರುತ್ತಿತ್ತು.

ಪ್ರೊಫೆಸರರು ಸಂತೋಷದಿಂದ ಕತ್ತರಿಯನ್ನು ಜೇಬಿಗೆ ಸೇರಿಸಿ, ಗುಡಾರದ ಬಾಗಿಲನ್ನೂ ಹೊಗಳಲು ಬಾಯಿ ತೆರೆಯುತ್ತಿದ್ದಂತೆ ತಿಂಡಿಯ ಗಂಟೆ ಹೊಡೆಯಿತು. ಬಾಗಿಲು ಉಳಿಯಿತು.

"ಅಗಾಯ್, ಸಾರ್!" ಬೇಯ್ಶೆನ್ ನಿರ್ದೇಶಕನ ತೋಳು ಹಿಡಿದ. "ಅದು ನಮ್ಮಜ್ಜಿ ಕಂಬಳಿ ಕತ್ತರಿಸ್ತಿದ್ದ ಕತ್ತರಿ. ಅದಿಲ್ದೆ ಸೂಜಿ ಆಗಲ್ಲ. ನಾಲ್ಕು ಗಂಟೆಗೆ ನಾನೇನು ಹಲ್ಲಲ್ಲಿ ಕಚ್ಚಿ ಮಾಡ್ಲಾ?"

"ಕತ್ತರಿ ಅಂದ್ರೆ ಕತ್ತರಿ. ಇನ್ನೊಂದು ತಗೋ."

"ಅದು ನಿಮಗರ್ಥ ಆಗಲ್ಲ."

ನಿಜಕ್ಕೂ ಅರ್ಥವಾಗುತ್ತಿರಲಿಲ್ಲ. ಅಸಾನ್‌ಕುಲ್ ಮೂಲತಃ ಹಿಮನದಿಗಳ ಪಂಡಿತ. ಕುದುರೆ ಮೇಲೆ ಕೂತು ಸುತ್ತಿ ಬರಲು ಎರಡು ದಿನ ಹಿಡಿಯದ ಯಾವ ವಸ್ತುವಿನ ಮೇಲೂ ಅವನಿಗೆ ಗೌರವವಿಲ್ಲ.

"ನೋಡು ಬೇಯ್ಶೆನ್, ನಿನಗೆ ಆಗ್ಲೇ ಹೇಳಿದೀನಿ. ಹೋದ ವರ್ಷದ ಚಿತ್ರ ಇದ್ಯಲ್ಲ, ಅದನ್ನೇ ಪರದೆ ಮೇಲೆ ಬಿಡು, ನೇರಪ್ರಸಾರ ಅನ್ನು. ಯಾರಿಗ್ ಗೊತ್ತಾಗುತ್ತೆ?"

"ನಂಗ್ ಗೊತ್ತಾಗುತ್ತೆ. ಸುಳ್ಳು ತೋರಿಸೋಕೆ ಹದಿನಾಲ್ಕು ವರ್ಷ ಬೇಕಿರ್ಲಿಲ್ಲ. ಸತ್ರೂ ತೋರಿಸಲ್ಲ!"

"ಸಾಯ್ಬೇಡ. ನಾಲ್ಕು ಗಂಟೆಗೆ ಪರಮಾಣು ಕಂಡ್ರೆ ನಿನ್ನ ಹಾಲಿನ ಕ್ಯಾನು ಉಳೀತು. ಕಾಣದಿದ್ರೆ ಅದು ಗುಜರಿ ಕೋಣೆಗೆ, ನೀನು ಗ್ರಂಥಾಲಯಕ್ಕೆ. ಹೊರದೇಶದ ಹೊಸ ಯಂತ್ರಕ್ಕೆ ಕಾಗದ ರೆಡಿ ಇದೆ, ನನ್ನ ಸಹಿ ಒಂದು ಬಾಕಿ."

"ಕಂಡೇ ಕಾಣುತ್ತೆ. ನಿಮ್ಮ ಕಣ್ಣಿಗೇ ಕಾಣೋಹಾಗೆ ಮಾಡ್ತೀನಿ. ಆದ್ರೆ ನನ್ನದೊಂದು ಷರತ್ತು. ನಲವತ್ತು ಜನ ವಿಜ್ಞಾನಿಗಳು ಗುಡಾರದೊಳಗೆ ಧಪಧಪ ಅಂತ ಬರಕೂಡದು. ಪ್ರೊಫೆಸರ್ ಒಬ್ಬರೇ ಬರ್ಲಿ. ಮಿಕ್ಕವರಿಗೆ ಸಭೆಯಲ್ಲಿ ಅವರೇ ಹೇಳ್ತಾರೆ."

ಈ ಷರತ್ತು ಮುಂದೆ ತನ್ನ ಕುತ್ತಿಗೆಗೇ ಬರುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಬೇಯ್ಶೆನ್ ಕತ್ತರಿಗಳ ಬೇಟೆಗೆ ಹೊರಟ. ಅಡುಗೆಮನೆಯಲ್ಲಿ ಬುರುಲ್ ಎಜೆ ಬೆಳ್ಳುಳ್ಳಿ ಸೊಪ್ಪು ಕತ್ತರಿಸುವ ಕತ್ತರಿ ಕೊಟ್ಟಳು. ದೊಡ್ಡ ಮೈಯ, ದೊಡ್ಡ ಬಾಯಿಯ ಹೆಂಗಸು. ಆರೋಗ್ಯಧಾಮದವರೆಲ್ಲ ಅವಳನ್ನು ಎಜೆ, ಅಕ್ಕ ಎಂದೇ ಕರೆಯುತ್ತಿದ್ದರು. ಆಮೇಲೆ ಕ್ಷೌರಿಕನ ಕತ್ತರಿ, ದಾದಿಯ ಕತ್ತರಿ, ಕೊನೆಗೆ ತೋಟದವನ ಗಿಡ ಸವರುವ ಕತ್ತರಿಯೂ ಬಂತು. ಒಂದೊಂದರಲ್ಲೂ ಹತ್ತು ಹತ್ತು ಸೂಜಿ ಮಾಡಿ ನೋಡಿದ. ಪರದೆಯ ಮೇಲೆ ಪರಮಾಣುವಿನ ಬದಲು ಒಡೆದ ಹಾಲು ಕಾಣಿಸಿತು.

"ಬಾಯ್ಕೆ, ವಾಪಸ್ ಮಾತ್ರ ಕೇಳ್ಬೇಡ," ಎಂದ ವ್ಯಾನಿನ ಚಾಲಕ ಕಚ್ಕಿನ್. ಬೇಯ್ಶೆನ್‌ಗಿಂತ ಹತ್ತು ವರ್ಷ ಚಿಕ್ಕವನಾದ್ದರಿಂದ ಅಣ್ಣ ಎಂಬ ಅರ್ಥದಲ್ಲಿ ಬಾಯ್ಕೆ ಅನ್ನುತ್ತಿದ್ದ. "ನಾನು ಕೇಳಿದ್ನಾ? ಅವರನ್ನ ಕರ್ಕೊಂಡ್ ಬರುವಾಗ ದಾರೀಲಿ 'ನಿಮ್ಮ ಟೋಪಿ ಬಹಳ ಚೆಂದ' ಅಂದ್ರು. ನಮ್ಮ ಮಾವ ಮದುವೇಲಿ ಕೊಟ್ಟಿದ್ದ ಕಲ್ಪಾಕು! ತೆಗೆದು ಕೊಟ್ಟೆ. ಹೆಂಡ್ತಿ ಮೂರು ದಿನದಿಂದ ಮಾತಾಡ್ತಿಲ್ಲ."

"ನನ್ನ ತಾಮ್ರದ ಕೆಟಲು ಹೋಯ್ತು," ಎಂದಳು ಬುರುಲ್ ಎಜೆ. "ಅಸಾನ್‌ಕುಲ್ ತನ್ನ ಭಾವಮೈದುನನ ಕುದುರೇನೇ ಕೊಟ್ಬಿಟ್ಟ. ಅದಿರ್ಲಿ, ನಿಂಗೆ ತಲೆ ಇದ್ಯಾ ಇಲ್ವಾ? ಹೊಗಳಿದ್ರೆ ತಾನೇ ಹೋಗೋದು? ನೀನೂ ಹೊಗಳು. ಅವರ ಮುಂದೆ ಕೂತು ಆ ಕತ್ತರೀನ ಹೊಗಳು. ಮಾನವಂತ ಮನುಷ್ಯ ಆಗಿದ್ರೆ ಕೊಡ್ತಾನೆ."

ಬೇಯ್ಶೆನ್‌ಗೆ ಇದು ಸರಿಯೆನಿಸಿತು. ಮಧ್ಯಾಹ್ನದ ಊಟದ ಹೊತ್ತಿಗೆ ಪ್ರೊಫೆಸರರ ಎದುರು ಕುರ್ಚಿ ಎಳೆದುಕೊಂಡು ಕೂತ. ಕಚ್ಕಿನ್‌ನ ಬಿಳಿ ಕಂಬಳಿ ಟೋಪಿ ಹಾಕಿಕೊಂಡು ಪ್ರೊಫೆಸರರು ಬೆವರು ಸುರಿಸುತ್ತ ಕೂತಿದ್ದರು.

"ಪ್ರೊಫೆಸರೇ, ಆ ಕತ್ತರಿ ಇದ್ಯಲ್ಲ... ಬಹಳ ಚೆನ್ನಾಗಿದೆ."

"ಅಲ್ಲವೇ!"

"ತುಂಬಾನೇ ಚೆನ್ನಾಗಿದೆ."

"ನಾನೂ ಅದನ್ನೇ ಹೇಳಿದೆ."

"ಅಂಥಾ ಕತ್ತರಿ ನೋಡಿದ್ರೆ ಯಾರಿಗಾದ್ರೂ ಬೇಕು ಅನ್ಸುತ್ತೆ. ನಂಗಂತೂ ಅನ್ಸುತ್ತೆ."

ಪ್ರೊಫೆಸರರ ಕಣ್ಣು ಒದ್ದೆಯಾಯಿತು. "ಅಷ್ಟು ಪ್ರೀತಿಯ ವಸ್ತುವನ್ನು ನನಗೆ ಕೊಟ್ಟಿರಲ್ಲ! ನನ್ನ ಹೆಂಡತಿಗೆ ಇದನ್ನೇ ಹೇಳುತ್ತೇನೆ," ಎಂದು ಮೇಜಿನ ಮೇಲಿಂದಲೇ ಬಾಗಿ ಬೇಯ್ಶೆನ್‌ನನ್ನು ತಬ್ಬಿಕೊಂಡರು.

ಹಿಂದೆ ನಿಂತಿದ್ದ ಕಚ್ಕಿನ್‌ಗೆ ತಡೆಯಲಾಗಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮುಂದೆ ಬಂದ. "ಸಾರ್, ನಿಮ್ಮ ಬೂಟು ಭಾರಿ ಚೆನ್ನಾಗಿದೆ."

"ಧನ್ಯವಾದ," ಎಂದು ಪ್ರೊಫೆಸರರು ಬೂಟು ಕಾಲನ್ನು ಇನ್ನಷ್ಟು ಚಾಚಿ ತೋರಿಸಿ, ಸೂಪು ಕುಡಿಯಲು ಶುರುಮಾಡಿದರು.

ಕಚ್ಕಿನ್ ಬೇಯ್ಶೆನ್‌ನ ಕಿವಿಯಲ್ಲಿ ಉಸುರಿದ. "ಬಾಯ್ಕೆ, ಇವರ ಕಡೆ ಒನ್‌ವೇ ರಸ್ತೆ."

"ಸೂಪು ಅಂದರೆ ಇದು!" ಎಂದರು ಪ್ರೊಫೆಸರರು. ಅಡುಗೆಮನೆಯಲ್ಲಿ ಒಂದು ನಿಟ್ಟುಸಿರು ಕೇಳಿಸಿತು. ಬುರುಲ್ ಎಜೆ ನಲವತ್ತು ಜನರ ಸೂಪಿನ ಹಂಡೆಯನ್ನು ತಂದು ಅವರ ಮುಂದೆ ಕುಕ್ಕಿದಳು. ಮಿಕ್ಕ ವಿಜ್ಞಾನಿಗಳು ಅವತ್ತು ಬ್ರೆಡ್ಡು ತಿಂದರು.

ಎರಡೂವರೆ ಆಯಿತು. ಬೇಯ್ಶೆನ್‌ಗೆ ತಲೆ ಕೆಟ್ಟಿತು. ಕೆಟ್ಟ ತಲೆಗೆ ಒಮ್ಮೊಮ್ಮೆ ಧೈರ್ಯ ಬರುತ್ತದೆ. ಹಾಳಾಗಿ ಹೋಗಲಿ ಈ ಸಂಪ್ರದಾಯ! ಅಜ್ಜಿ ಬದುಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದಳು, ಬಾರಿಸಲಿ! ಹೀಗೆ ತನ್ನೊಳಗೇ ಕೂಗಾಡಿಕೊಳ್ಳುತ್ತ ಸರೋವರದ ಕಟ್ಟೆಗೆ ನಡೆದ. ಪ್ರೊಫೆಸರರು ಅಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಸುತ್ತ ಯಾರೂ ಇರಲಿಲ್ಲ.

"ಪ್ರೊಫೆಸರೇ, ಕೈಮುಗೀತೀನಿ. ದಯವಿಟ್ಟು ಹೊಗಳೋದು ನಿಲ್ಲಿಸಿ."

ಆಮೇಲೆ ಅತಿಥಿ ಹೊಗಳಿದ್ದು ಅತಿಥಿಗೇ ಹೋಗುವ ಸಂಪ್ರದಾಯವನ್ನೆಲ್ಲ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಪ್ರೊಫೆಸರರ ಮುಖ ಬಿಳಿಚಿಕೊಂಡಿತು. ತಲೆಯ ಮೇಲಿನ ಟೋಪಿಯನ್ನು ಕೆಂಡ ಮುಟ್ಟಿದಂತೆ ತೆಗೆದು ಪಕ್ಕಕ್ಕಿಟ್ಟರು.

"ಬೇರೆ ಸಮ್ಮೇಳನಗಳಲ್ಲಿ ಒಂದು ಚೀಲ, ಒಂದು ಪೆನ್ನು ಕೊಡುತ್ತಾರೆ. ಇಲ್ಲಿಯವರು ಸ್ವಲ್ಪ ಧಾರಾಳ ಅಂದುಕೊಂಡೆ! ಹಾಗಾದರೆ... ನನ್ನ ಕೋಣೆಯ ಹಿಂದೆ ಕಟ್ಟಿರುವ ಕುದುರೆ?"

"ನಿಮ್ದೇ."

"ಅಯ್ಯೋ ದೇವರೇ! ಯಾರೋ ಮರೆತು ಹೋಗಿದ್ದಾರೆ ಅಂತ ಎರಡು ದಿನದಿಂದ ನಾನೇ ನೀರು ಕುಡಿಸುತ್ತಿದ್ದೇನೆ! ಈಗಲೇ ಎಲ್ಲ ವಾಪಸ್ ಕೊಡುತ್ತೇನೆ."

"ಬೇಡ ಬೇಡ! ವಾಪಸ್ ಕೊಟ್ರೆ ಎಲ್ಲರ ಮುಖಕ್ಕೆ ಮಸಿ ಬಳಿದಂಗಾಗುತ್ತೆ. ನಾನು ಬಾಯಿಬಿಟ್ಟೆ ಅಂತ ಗೊತ್ತಾದ್ರೆ ನನ್ನನ್ನ ಊರೊಳಗೆ ಸೇರಿಸಲ್ಲ. ಕತ್ತರಿ ಒಂದು ಕೊಡಿ, ಸಾಕು. ಇನ್ನೊಂದು ಮಾತು... ನಾಲ್ಕು ಗಂಟೆಗೆ ಬರ್ತೀರಲ್ಲ, ಆಗ..."

ಬೇಯ್ಶೆನ್ ಗುಡಾರದ ಕಡೆ ತಿರುಗಿ ನೋಡಿದ. ಪ್ರೊಫೆಸರರಿಗೆ ಥಟ್ಟನೆ ಹೊಳೆಯಿತು. ಎದ್ದು ನಿಂತು, ಅವನ ಎರಡೂ ಕೈ ಹಿಡಿದು, ಗಂಭೀರವಾಗಿ ಹೇಳಿದರು: "ನಿಮ್ಮ ಯಂತ್ರದ ಬಗ್ಗೆ ನನ್ನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಬರುವುದಿಲ್ಲ. ನನ್ನ ತಾಯಾಣೆ."

ಬೇಯ್ಶೆನ್ ಕತ್ತರಿಯನ್ನು ಎದೆಗವಚಿಕೊಂಡು ಓಡಿದ.

ನಾಲ್ಕು ಗಂಟೆಗೆ ಗುಡಾರದೊಳಗೆ ಉಸಿರಿನ ಸದ್ದೂ ಇರಲಿಲ್ಲ. ಪ್ರೊಫೆಸರರು ಪರದೆಯ ಮುಂದೆ ಮಣೆಯ ಮೇಲೆ. ಅಸಾನ್‌ಕುಲ್ ಬಾಗಿಲ ಬಳಿ. ನಾವೂ ನೋಡಿಯೇ ನೋಡುತ್ತೇವೆಂದು ಹಟ ಹಿಡಿದು ನುಸುಳಿದ ಬುರುಲ್ ಎಜೆ, ಕಚ್ಕಿನ್ ಗೋಡೆಗೊರಗಿ ಕೂತಿದ್ದರು.

"ಅಗಾಯ್, ಕಾಲು ಕುಣಿಸ್ಬೇಡಿ," ಎಂದ ಬೇಯ್ಶೆನ್.

"ನಾನು ನಿರ್ದೇಶಕ ಕಣೋ."

"ನಿರ್ದೇಶಕರ ಕಾಲಾದ್ರೂ ನೆಲ ಅಲ್ಲಾಡುತ್ತೆ. ನಿಲ್ಲಿಸಿ!"

ಅಸಾನ್‌ಕುಲ್‌ಗೆ ಇಂಥ ದನಿ ಕೇಳಿ ಅಭ್ಯಾಸವಿರಲಿಲ್ಲ. ಕಾಲು ತಾನಾಗಿ ನಿಂತಿತು.

ಬೇಯ್ಶೆನ್ ಗ್ರಾಫೈಟ್ ತುಂಡಿಗೆ ಟೇಪು ಅಂಟಿಸಿ ಮೇಲಿನ ಪದರ ಸುಲಿದ. ಒಳಗಿನ ಹೊಸ ಮೈ ಫಳಫಳಿಸಿತು. ತಂತಿ ಎಳೆದು ಕತ್ತರಿ ಹಾಕಿದ. ಮೊದಲ ಸೂಜಿ ಸರಿಯಿಲ್ಲ. ಎರಡನೆಯದೂ ಇಲ್ಲ. ಮೂರನೆಯದನ್ನು ಕ್ಯಾನಿನೊಳಗೆ ಕೂರಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಗೆರೆ ಬಂತು. ಮತ್ತೊಂದು ಗೆರೆ. ಗೆರೆಗಳು ಒಂದರ ಕೆಳಗೊಂದು ಕೂಡಿಕೊಳ್ಳುತ್ತ ಹೋದಂತೆ, ದುಂಡು ದುಂಡಾದ ಉಬ್ಬುಗಳು ಸಾಲು ಹಿಡಿದು ಮೇಲೆದ್ದವು. ಒಂದೂ ಕಲಸಿಲ್ಲ, ಒಂದೂ ಅಳ್ಳಾಡಿಲ್ಲ. ಹದಿನಾಲ್ಕು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ಅವು ಯಾವತ್ತೂ ಕಂಡಿರಲಿಲ್ಲ. ಬೇಯ್ಶೆನ್‌ಗೆ ಅಳು ಬಂತು. ಅತ್ತರೆ ನೆಲ ಅಲ್ಲಾಡೀತೆಂದು ತಡೆದುಕೊಂಡ.

ಎಲ್ಲರೂ ಪ್ರೊಫೆಸರರ ಮುಖ ನೋಡಿದರು.

ಪ್ರೊಫೆಸರರ ಮುಖ ಬೀಟ್‌ರೂಟಿನಂತೆ ಕೆಂಪಾಗಿತ್ತು. ತುಟಿಗಳನ್ನು ಒಳಗೆಳೆದುಕೊಂಡು ಬಿಗಿಯಾಗಿ ಕಚ್ಚಿ ಹಿಡಿದಿದ್ದರು.

ಅಸಾನ್‌ಕುಲ್ ಪರದೆಯತ್ತ ಬಗ್ಗಿ ನೋಡಿದ. "ಇದೇನಿದು? ಮೇಜಿನ ಮೇಲೆ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ಹರಡಿದಂಗಿದೆ."

"ನನ್ನ ಬೋರ್ಸೋಕು ಇದಕ್ಕಿಂತ ಉಬ್ಬಿರುತ್ತೆ," ಎಂದಳು ಬುರುಲ್ ಎಜೆ.

"ಅವು ಪರಮಾಣು, ಅಗಾಯ್! ಪರಮಾಣು!"

"ಪ್ರೊಫೆಸರೇ, ನೀವು ಹೇಳಿ. ಇವು ಪರಮಾಣುಗಳಾ?" ಎಂದ ಅಸಾನ್‌ಕುಲ್.

ಪ್ರೊಫೆಸರರು ಬೇಯ್ಶೆನ್‌ನತ್ತ ನೋಡಿದರು. ಆಣೆ ನೆನಪಾಯಿತು. ಭುಜ ಕುಣಿಸಿದರು. "ಇರಬಹುದು. ಸಾಧಾರಣ." ಅಷ್ಟಕ್ಕೆ ತೃಪ್ತಿಯಾಗದೆ ಸೇರಿಸಿದರು: "ನಿಜ ಹೇಳಬೇಕೆಂದರೆ ತೀರಾ ಸಾಧಾರಣ." ಹೇಳಿ, ನಿನ್ನ ಯಂತ್ರ ಉಳಿಸಿದೆ ನೋಡು ಎಂಬಂತೆ ಬೇಯ್ಶೆನ್‌ಗೆ ಕಣ್ಣು ಹೊಡೆದರು.

ಅಸಾನ್‌ಕುಲ್ ನೆಟ್ಟಗೆ ನಿಂತ. "ನಮ್ಮ ಕೆಟಲು ಹೊಗಳಿದ ಮನುಷ್ಯ. ಟೋಪಿ ಹೊಗಳಿದ್ರು. ನಿನ್ನೆ ಕಕ್ಕಸಿನ ಬಾಗಿಲ ಚಿಲಕ ಹೊಗಳಿದ್ದಕ್ಕೆ ಅದನ್ನೂ ಬಿಚ್ಚಿ ಕೊಟ್ಟಿದೀವಿ. ಅಂಥವರೇ ನಿನ್ನ ಯಂತ್ರ ನೋಡಿ ಸಾಧಾರಣ ಅಂದ್ರೆ, ಬೇಯ್ಶೆನ್, ಇದೆಂಥಾ ದರಿದ್ರ ಯಂತ್ರ ಇರ್ಬೇಕು! ಕಚ್ಕಿನ್, ಬಿಚ್ಚು ಹಗ್ಗ. ಗುಜರಿ ಕೋಣೆಗೆ ಹೋಗ್ಲಿ."

"ಮುಟ್ಟಿದ್ರೆ ಕೈ ಮುರೀತೀನಿ!"

ಬೇಯ್ಶೆನ್ ಕ್ಯಾನಿಗೆ ಅಡ್ಡ ನಿಂತ. ಪರದೆಯ ಮೇಲಿನ ಪರಮಾಣುಗಳೆಲ್ಲ ಕಲಸಿ ಅಂಬಲಿಯಾದವು. ಅತ್ತ ದರಿ, ಇತ್ತ ಪುಲಿ. ಬಾಯಿ ಮುಚ್ಚಿಕೊಂಡಿದ್ದರೆ ಯಂತ್ರ ಹೋಗುತ್ತದೆ, ಬಿಟ್ಟರೆ ಮಾನ ಹೋಗುತ್ತದೆ. ಮಾನಕ್ಕಿಷ್ಟು ಬೆಂಕಿ ಹಾಕ ಎಂದುಕೊಂಡ.

"ನಾನೇ ಹೇಳಿದ್ದು! ಹೊಗಳ್ಬೇಡಿ ಅಂತ ನಾನೇ ಅವರಿಗೆ ಹೇಳಿದ್ದು! ಕತ್ತರೀನೂ ನಾನೇ ವಾಪಸ್ ಕೇಳಿದ್ದು! ಏನ್ ಮಾಡ್ತೀರೋ ಮಾಡಿ!"

"ಅಯ್ಯಯ್ಯೋ!" ಬುರುಲ್ ಎಜೆ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡಳು. "ಅತಿಥಿಗೆ? ಬಾಯಿ ಮುಚ್ಕೊಂಡಿರು ಅಂದ್ಯಾ?"

"ವಾಪಸ್ ಕೇಳಿದ್ಯಾ?" ಕಚ್ಕಿನ್‌ನ ದನಿಯಲ್ಲಿ ಗಾಬರಿಗಿಂತ ಹೊಟ್ಟೆಕಿಚ್ಚು ಹೆಚ್ಚಿತ್ತು. "ಕೇಳ್ಬಹುದಿತ್ತಾ? ಹಾಗಿದ್ರೆ ನನ್ನ ಕಲ್ಪಾಕು..."

ಅಸಾನ್‌ಕುಲ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. "ಪ್ರೊಫೆಸರೇ, ಈ ಕತ್ತೆ ಪರವಾಗಿ ಕ್ಷಮೆ ಕೇಳ್ತೀನಿ. ಈಗ ಮನಸ್ಸಲ್ಲಿದ್ದದ್ದು ಹೇಳಿ. ಈ ಯಂತ್ರ ನಿಜವಾಗ್ಲೂ ಹೇಗಿದೆ?"

ಪ್ರೊಫೆಸರರು ಬೇಯ್ಶೆನ್‌ನನ್ನು ನೋಡಿದರು. ಬೇಯ್ಶೆನ್ ಹಲ್ಲು ಕಚ್ಚಿಕೊಂಡು ಹೇಳಿದ: "ಹೇಳಿ ಸಾರ್. ಗುಜರಿಗೆ ಹೋಗೋದಕ್ಕಿಂತ ಅದೇ ವಾಸಿ."

ಕಟ್ಟೆ ಒಡೆಯಿತು. ಪ್ರೊಫೆಸರರು ಮಣೆಯಿಂದ ಎದ್ದು ಹತ್ತು ನಿಮಿಷ ಒಂದೇ ಉಸಿರಿಗೆ ಹೊಗಳಿದರು. ನಲವತ್ತು ವರ್ಷದಲ್ಲಿ ಇಂಥ ನಿಶ್ಚಲ ಚಿತ್ರ ನೋಡಿಲ್ಲವೆಂದರು. ನೆಲಮಾಳಿಗೆಯಲ್ಲಿ ಕಾಂಕ್ರೀಟು ಸುರಿದು ತಾವು ಮಾಡಲಾಗದ್ದನ್ನು ಈ ಮಹಾನುಭಾವ ಕಂಬಳಿ, ಕುದುರೆಕೂದಲಿನಲ್ಲಿ ಮಾಡಿದ್ದಾನೆಂದರು. ಕ್ಯಾನನ್ನು ಅಪ್ಪಿಕೊಂಡು ಮುತ್ತಿಟ್ಟರು. ಬೇಯ್ಶೆನ್ ತನ್ನ ಜನ್ಮದಲ್ಲಿ ಕೇಳಲು ಬಯಸಿದ್ದ ಮಾತುಗಳೆಲ್ಲ ಆ ಹತ್ತು ನಿಮಿಷದಲ್ಲಿ ಬಂದುಹೋದವು. ಒಂದೊಂದು ಮಾತಿಗೂ ಅವನು ಒಂದೊಂದು ಅಂಗುಲ ಕುಸಿಯುತ್ತ ಹೋದ.

ಆಮೇಲೆ ಎಲ್ಲರೂ ಬೇಯ್ಶೆನ್‌ನನ್ನೇ ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ಅಸಾನ್‌ಕುಲ್ ಬೇರೆಯವರ ವಸ್ತುವನ್ನು ತಾನೇ ಕೊಡದೆ ಸುಮ್ಮನೆ ನಿಂತಿದ್ದ.

"ನೀನು ಮಾಡಿದ್ದು. ನೀನೇ ಹೇಳು," ಎಂದ.

ಕೊಡಲ್ಲ ಎನ್ನಬೇಕೆಂದು ಬೇಯ್ಶೆನ್ ಬಾಯಿ ತೆರೆದ. ಸತ್ತರೂ ಕೊಡಲ್ಲ! ಆದರೆ ಅವನ ಬೆನ್ನು ತಾನಾಗಿ ಬಾಗಿತು, ಬಲಗೈ ಎದೆಯ ಮೇಲೆ ಹೋಯಿತು. ಅಜ್ಜಿ ಕಲಿಸಿದ ನಾಲಗೆ ಅವನನ್ನು ಕೇಳದೆಯೇ ಹೇಳಿಬಿಟ್ಟಿತು: "ಹಾಗಿದ್ರೆ ಇದು ನಿಮ್ದೇ."

"ಬೇಡ! ಖಂಡಿತ ಬೇಡ!" ಪ್ರೊಫೆಸರರು ಕಿರುಚಿದರು.

"ಬೇಡ ಅಂದ್ರೆ ಅವಮಾನ ಸಾರ್," ಎಂದು ಬುರುಲ್ ಎಜೆ ಮೆಲ್ಲಗೆ ಹೇಳಿ, ಹಗ್ಗ ಬಿಚ್ಚಲು ಎದ್ದಳು.

ಕ್ಯಾನನ್ನು ಹೊಸ ಕಂಬಳಿಯಲ್ಲಿ ಸುತ್ತಿದರು. ಹೊರಗೆ ಒಯ್ದು, ಪ್ರೊಫೆಸರರಿಗೆ ಕೊಟ್ಟಿದ್ದ ಕುದುರೆ, ಕೆಟಲು, ಸೂಪಿನ ಹಂಡೆಯ ಪಕ್ಕ ಇಟ್ಟರು. ಯಂತ್ರವಿಲ್ಲದೆ ಪ್ರಯೋಗಾಲಯ ಹೇಗೆಂದು ಅಸಾನ್‌ಕುಲ್ ಹೊರದೇಶದ ಹೊಸ ಯಂತ್ರದ ಕಾಗದಕ್ಕೆ ಅಲ್ಲೇ ಮೊಣಕಾಲ ಮೇಲಿಟ್ಟು ಸಹಿ ಹಾಕಿದ. ಗ್ರಂಥಾಲಯದ ಬೀಗದ ಕೈಯನ್ನು ಬೇಯ್ಶೆನ್‌ನ ಅಂಗೈಯಲ್ಲಿಟ್ಟ.

ಹೊರಡುವ ಮುನ್ನ ಪ್ರೊಫೆಸರರ ಕಣ್ಣು ನೆಲದ ಮೇಲೆ ಬಿದ್ದಿದ್ದ ಕತ್ತರಿಯ ಮೇಲೆ ನಿಂತಿತು. ಅಸಾನ್‌ಕುಲ್‌ನ ಕಣ್ಣೂ ಅತ್ತಲೇ ಹೊರಳಿತು, ಕೈ ಮುಂದೆ ಚಾಚಿತು. ಪ್ರೊಫೆಸರರು ಗುಡಾರ ನಡುಗುವಂತೆ ಕೂಗಿದರು:

"ಛೀ! ಎಂಥ ದರಿದ್ರ ಕತ್ತರಿ! ಇದಕ್ಕಿಂತ ಅಸಹ್ಯವಾದ ಕತ್ತರಿ ನಾನು ನೋಡಿಲ್ಲ! ದೂರ ಇಡಿ ಅದನ್ನು!"

ಅಸಾನ್‌ಕುಲ್ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. ಬೇಯ್ಶೆನ್ ಕತ್ತರಿಯನ್ನೆತ್ತಿ ಒರೆಸಿ ಜೇಬಿಗಿಟ್ಟುಕೊಂಡ. ಅವನೂ ಪ್ರೊಫೆಸರರೂ ಒಬ್ಬರ ಮುಖ ಒಬ್ಬರು ನೋಡಿದರು. ಪ್ರೊಫೆಸರರು ತಲೆತಗ್ಗಿಸಿ ಹೊರಬಂದು, ಕುದುರೆಯ ಲಗಾಮು ಹಿಡಿದು ನಡೆದರು.

"ಈಗೇನ್ ಮಾಡ್ತೀಯ ಬಾಯ್ಕೆ?" ಎಂದ ಕಚ್ಕಿನ್. ಖಾಲಿ ಹಗ್ಗ ಗುಡಾರದ ನೆತ್ತಿಯಿಂದ ತೂಗಾಡುತ್ತಿತ್ತು.

"ಇನ್ನೇನ್ ಮಾಡ್ತೀನಿ? ಗ್ರಂಥಾಲಯದಲ್ಲಿ ಕೂತು ಇನ್ನೊಂದು ಕಟ್ತೀನಿ. ಇದಕ್ಕಿಂತ ಚೆನ್ನಾಗಿರೋದು." ಬೇಯ್ಶೆನ್ ಸುತ್ತಮುತ್ತ ನೋಡಿ, ಅಡುಗೆಮನೆಯ ಹಿತ್ತಿಲತ್ತ ಕೈ ತೋರಿಸಿದ. "ಎಜೆ, ಆ ಕಲಗಚ್ಚಿನ ಬಕೀಟು ನಂಗ್ ಬೇಕು. ತೊಳೀಬೇಡ, ಹಾಗೇ ಕೊಡು."